ಹೆರಿಗೆಯಲ್ಲಿ ಕೈ ನರಕ್ಕೆ ಪೆಟ್ಟಾದ ಕೂಸಿಗೆ ರಾಯಚೂರಿನಲ್ಲಿ ಸಿಕ್ಕ ಫಿಸಿಯೋಥೆರಪಿ

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ. ಕಡಿಮೆ ಮಾಡಿದ ಒಂದು ಸ್ಟಾರ್ ಮೆಟ್ಟಿಲಿಗೆ, ಕಾಯುವ ಜಾಗಕ್ಕೆ ಮತ್ತು ಇಂಗ್ಲಿಷಿನಲ್ಲಿ ಕೊಡುವ ಚೀಟಿಗೆ. ಅದನ್ನು ಆಮೇಲೆ ಹೇಳುತ್ತೇನೆ. ಕೆಲಸಕ್ಕೆ ಮಾತ್ರ ಐದಕ್ಕೆ ಐದು.

ನನ್ನ ಮಗಳು ಹುಟ್ಟುವಾಗಲೇ ನಾಲ್ಕು ಕೆಜಿ ಮೇಲಿದ್ದಳು. ತಲೆ ಹೊರಗೆ ಬಂತು, ಭುಜ ಸಿಕ್ಕಿಕೊಂಡಿತು. ಹೊರಗೆ ತೆಗೆಯುವ ಹೊತ್ತಿಗೆ ಕುತ್ತಿಗೆ ಮತ್ತು ಭುಜದ ನಡುವೆ ಜಗ್ಗಿ, ಬಲಗೈಗೆ ಹೋಗುವ ನರಗಳಿಗೆ ಪೆಟ್ಟಾಯಿತು. ಎಡಗೈ ಚೆನ್ನಾಗಿ ಆಡಿಸುತ್ತಿದ್ದಳು. ಬಲಗೈ ಮಾತ್ರ ಪಕ್ಕದಲ್ಲಿ ಸುಮ್ನೆ ಬಿದ್ದಿರುತ್ತಿತ್ತು, ಮೊಣಕೈ ನೆಟ್ಟಗೆ, ಅಂಗೈ ಹಿಂದಕ್ಕೆ ತಿರುಗಿ. ಬೆರಳು ಮಡಚುತ್ತಿದ್ದಳು, ಅಷ್ಟೇ. ಹೆರಿಗೆಯಾದ ಆಸ್ಪತ್ರೆಯಲ್ಲಿ "ಸ್ವಲ್ಪ ವೀಕ್ ಅದ, ತಾನೇ ಸರಿ ಹೋಗ್ತದ" ಎಂದು ಹೇಳಿ ಕಳಿಸಿಬಿಟ್ಟರು. ಡಿಸ್ಚಾರ್ಜ್ ಚೀಟಿಯಲ್ಲಿ ಕೈ ಬಗ್ಗೆ ಒಂದು ಸಾಲೂ ಇರಲಿಲ್ಲ. ಭುಜ ಸಿಕ್ಕಿಕೊಂಡಾಗ ಮಗುವಿನ ಜೀವ ಉಳಿಸಲು ಡಾಕ್ಟರಿಗೆ ಇರುವುದು ಕೆಲವೇ ನಿಮಿಷ, ಅದು ನನಗೆ ಗೊತ್ತು, ಅದಕ್ಕಾಗಿ ಯಾರನ್ನೂ ಬೈಯುವುದಿಲ್ಲ. ಆದರೆ ಏನಾಗಿದೆ, ಎಲ್ಲಿಗೆ ಹೋಗಬೇಕು, ಎಷ್ಟು ದಿನದೊಳಗೆ ಹೋಗಬೇಕು ಎಂದು ಹೇಳದೇ ಕಳಿಸಿದ್ದಕ್ಕೆ ಈಗಲೂ ಸಿಟ್ಟಿದೆ.

ಸರಿಯಾಗಿ ನೋಡಿದವರು ನಮ್ಮ ಓಣಿಯ ಆಶಾ ಅಕ್ಕ. ಹೆರಿಗೆಯಾದ ಮನೆಗೆ ಅವರು 3, 7, 14, 21, 28 ಮತ್ತು 42ನೇ ದಿನ ಬಂದು ಕೂಸನ್ನು ನೋಡಬೇಕು ಅಂತ ನಿಯಮವೇ ಇದೆಯಲ್ಲ, ಹಾಗೆ ಮೊದಲ ಸಲ ಬಂದಾಗಲೇ ಬಟ್ಟೆ ಬಿಚ್ಚಿ ನೋಡಿದರು. ಕೂಸು ಬೆಚ್ಚಿದಾಗ ಒಂದೇ ಕೈ ಎತ್ತುತ್ತದೆ ಎಂದು ತೋರಿಸಿದರು. ಮನೆಯಲ್ಲಿ ಆಗಲೇ ಮಾತು ಶುರುವಾಗಿತ್ತು. ಲಕ್ವಾ ಹೊಡೆದಿದೆ ಎಂದವರು ಕೆಲವರು. ಬಸುರಿದ್ದಾಗ ಗ್ರಹಣದಲ್ಲಿ ಹೊರಗೆ ಬಂದಿದ್ದಾಳೆ ಎಂದವರು ಇನ್ನು ಕೆಲವರು. ಹಸಿ ಬಾಣಂತಿ ಮುಂದೆ ಇದನ್ನೆಲ್ಲ ಆಡಬಾರದು. ಇದು ಲಕ್ವಾ ಅಲ್ಲ, ಪೋಲಿಯೋ ಅಲ್ಲ, ಗ್ರಹಣವೂ ಅಲ್ಲ. ಸಾವಿರ ಹೆರಿಗೆಗೆ ಒಂದೆರಡು ಮಕ್ಕಳಿಗೆ ಹೀಗಾಗುತ್ತದೆ. ಜರ್ಮನಿಯ ಡಾಕ್ಟರ್ ವಿಲ್ಹೆಲ್ಮ್ ಅರ್ಬ್ 1874ರಲ್ಲೇ ಇದರ ಬಗ್ಗೆ ಬರೆದಿದ್ದಾರೆ, ಅವರ ಹೆಸರಿನಿಂದಲೇ ಇದನ್ನು ಅರ್ಬ್ಸ್ ಪಾಲ್ಸಿ ಅನ್ನುತ್ತಾರೆ. ಕೂಸು ದೊಡ್ಡದಿದ್ದರೆ, ತಾಯಿಗೆ ಸಕ್ಕರೆ ಕಾಯಿಲೆ ಇದ್ದರೆ, ಹೆರಿಗೆ ಕಷ್ಟವಾಗಿ ಮಗುವನ್ನು ಎಳೆದು ತೆಗೆಯಬೇಕಾಗಿ ಬಂದರೆ ಅಪಾಯ ಜಾಸ್ತಿ. ಇದ್ಯಾವುದೂ ಇಲ್ಲದೆಯೂ ಆಗುತ್ತದೆ.

ಇಲ್ಲಿಗೆ ಬರುವ ಮೊದಲು ಇನ್ನೊಂದು ಕಡೆ ತೋರಿಸಿದ್ದೆವು. ಅಲ್ಲಿ ಕೂಸಿನ ಅಂಗಿ ಬಿಚ್ಚುವ ಮುಂಚೆಯೇ ಪ್ಯಾಕೇಜ್ ಮಾತಾಡಿದರು. ದಿನಾ ಬಂದು ಮಷಿನ್‌ನಿಂದ ಕರೆಂಟ್ ಕೊಡಿಸಿಕೊಳ್ಳಿ, ತಿಂಗಳ ದುಡ್ಡು ಮುಂಗಡ. ಮಾನ್ವಿಯಿಂದ ದಿನಾ ಬಾಣಂತಿಯೂ ಕೂಸೂ ಬಸ್ಸಲ್ಲಿ ಬಂದು ಹೋಗೋದು ಆಗುವ ಮಾತೇ? ನಮ್ಮ ಮನೆಯವರಿಗೆ ಅಲ್ಲಿ ಮನಸ್ಸು ಒಪ್ಪಲಿಲ್ಲ. ಪರಿಚಯದ ಮಕ್ಕಳ ಡಾಕ್ಟರನ್ನು ಕೇಳಿದಾಗ ಅವರು ಈ ಸೆಂಟರಿಗೆ ಚೀಟಿ ಬರೆದುಕೊಟ್ಟರು.

ಇಲ್ಲಿ ಮೊದಲ ದಿನ ಯಾವ ವ್ಯಾಯಾಮವೂ ಇಲ್ಲ, ಬರೀ ನೋಡಿದರು. ಮೇಡಂ ಕೂಸನ್ನು ಪೂರ್ತಿ ಬಿಚ್ಚಿಸಿ ಚಾಪೆ ಮೇಲೆ ಮಲಗಿಸಿ ಬಹಳ ಹೊತ್ತು ಸುಮ್ಮನೆ ನೋಡುತ್ತಾ ಕೂತರು. ಉಸಿರಾಡುವಾಗ ಎದೆಯ ಎರಡೂ ಕಡೆ ಸಮ ಏಳುತ್ತದೆಯಾ ನೋಡಿದರು, ಯಾಕೆಂದರೆ ಉಸಿರಿನ ಪರದೆಗೆ ಹೋಗುವ ನರವೂ ಕುತ್ತಿಗೆಯ ಅಲ್ಲಿಂದಲೇ ಹೊರಡುತ್ತದಂತೆ. ಕೊರಳ ಎಲುಬು ಮುರಿದಿದೆಯಾ ಎಂದು ಮುಟ್ಟಿ ನೋಡಿ, ಎಕ್ಸ್‌ರೇ ತೆಗೆಸಿಕೊಂಡು ಬನ್ನಿ ಎಂದರು. ಕುತ್ತಿಗೆ ಎರಡೂ ಕಡೆ ತಿರುಗುತ್ತದೆಯಾ ನೋಡಿದರು. ಆಮೇಲೆ ಕಣ್ಣು ನೋಡಿದರು. ಕೈ ನೋವಿಗೆ ಕಣ್ಣು ಯಾಕೆ ನೋಡುತ್ತಾರೆ ಎಂದು ನಮ್ಮವ್ವ ಕೇಳಿಯೇಬಿಟ್ಟಳು. ಆ ಕಡೆಯ ಕಣ್ಣಿನ ರೆಪ್ಪೆ ಜೋತುಬಿದ್ದು ಕಣ್ಣಪಾಪೆ ಸಣ್ಣಗಾಗಿದ್ದರೆ, ಕೆಳಗಿನ ನರಗಳು ಬೆನ್ನುಹುರಿಯ ಹತ್ತಿರವೇ ಕಿತ್ತಿರಬಹುದು, ಆಗ ಕಾಯುತ್ತಾ ಕೂರುವ ಹಾಗಿಲ್ಲ ಎಂದು ಹೇಳಿದರು. ನಮ್ಮ ಕೂಸಿನ ಕಣ್ಣು ಸರಿಯಿತ್ತು. ಅವ್ವನಂಥವರ ಪ್ರಶ್ನೆಗೆ ಕುಳಿತು ಉತ್ತರ ಹೇಳಿದ್ದು ನೋಡಿ ಅವತ್ತೇ ನನಗೆ ನಂಬಿಕೆ ಬಂತು.

ಒಂದು ಹಾಳೆಯಲ್ಲಿ ಕೈಯ ಒಂದೊಂದು ಚಲನೆಗೂ 0ಯಿಂದ 7ರವರೆಗೆ ಅಂಕ ಹಾಕುತ್ತಾರೆ. ಭುಜ ಎತ್ತುವುದು, ಹೊರಗೆ ತಿರುಗಿಸುವುದು, ಮೊಣಕೈ ಮಡಚುವುದು, ಮಣಿಕಟ್ಟು ಎತ್ತುವುದು, ಬೆರಳು, ಹೆಬ್ಬೆರಳು, ಎಲ್ಲಕ್ಕೂ ಬೇರೆ ಬೇರೆ. ಕೂಸನ್ನು ಮಗ್ಗುಲಾಗಿ ಮಲಗಿಸಿ, ಕೈಯ ಭಾರ ಎತ್ತಬೇಕಿಲ್ಲದ ಹಾಗೆ ಇಟ್ಟು ನೋಡಿದಾಗ ಬರುವ ಅಂಕ ಬೇರೆ, ಭಾರ ಎತ್ತಿ ಮಾಡಿದರೆ ಬೇರೆ. ಪ್ರತಿ ಸಲ ಹೋದಾಗಲೂ ಅದೇ ಹಾಳೆ ತೆಗೆದು ಪಕ್ಕದಲ್ಲಿ ಹೊಸ ಅಂಕ ಬರೆಯುತ್ತಾರೆ. ಇಂಪ್ರೂವ್‌ಮೆಂಟ್ ಇದೆ ಎಂದು ಬಾಯಿಮಾತಲ್ಲಿ ಹೇಳಿ ಕಳಿಸುವುದಿಲ್ಲ. ಎರಡು ಇದ್ದದ್ದು ಮೂರಾಗಿದೆ ಎಂದು ನಮಗೇ ಕಾಣುತ್ತದೆ. ಆಗದೇ ಇದ್ದರೆ ಅದೂ ಕಾಣುತ್ತದೆ.

ನರಕ್ಕೆ ಪೆಟ್ಟು ಎಂದರೆ ಎಲ್ಲ ಒಂದೇ ಅಲ್ಲ, ಇದನ್ನು ಅವರು ಕರೆಂಟ್ ವೈರ್ ಉದಾಹರಣೆ ಕೊಟ್ಟು ಹೇಳಿದರು. ವೈರ್ ಬರೀ ಜಗ್ಗಿದ್ದರೆ ಸ್ವಲ್ಪ ದಿನದಲ್ಲಿ ಮತ್ತೆ ಕರೆಂಟ್ ಹರಿಯುತ್ತದೆ. ನಡುವೆ ಹರಿದಿದ್ದರೆ ಬೇರೆ ತುಂಡು ಹಾಕಿ ಜೋಡಿಸಬೇಕಾಗಬಹುದು. ಬೋರ್ಡಿನಿಂದಲೇ ಕಿತ್ತು ಬಂದಿದ್ದರೆ ಕಾದು ಕೂತರೆ ಪ್ರಯೋಜನವಿಲ್ಲ. ಕುತ್ತಿಗೆಯಿಂದ ಕೈಗೆ ಬರುವ ಐದು ಬೇರುಗಳಲ್ಲಿ ಮೇಲಿನ ಎರಡಕ್ಕೆ, ಕೆಲವೊಮ್ಮೆ ಮೂರಕ್ಕೆ, ಪೆಟ್ಟಾಗುವುದೇ ಜಾಸ್ತಿ. ಹಾಗಾಗಿ ಭುಜ, ಮೊಣಕೈ ಕೆಲಸ ಮಾಡಲ್ಲ, ಬೆರಳು ಮಾಡುತ್ತವೆ. ಐದಕ್ಕೂ ಆಗಿದ್ದರೆ ಇಡೀ ಕೈ ಜೋತುಬೀಳುತ್ತದೆ. ಜಾಸ್ತಿ ಮಕ್ಕಳಿಗೆ ಬರೀ ಜಗ್ಗಿರುತ್ತದೆ, ಅವರಿಗೆ ವಾಸಿಯಾಗುತ್ತದೆ. ಆದರೆ ನಮ್ಮ ಕೂಸು ಯಾವ ಗುಂಪಿನದು ಎಂದು ಮೊದಲ ದಿನವೇ ಯಾರೂ ಹೇಳಲಾರರು. ನೋಡುತ್ತಾ ಹೋಗಬೇಕು, ಅಳೆಯುತ್ತಾ ಹೋಗಬೇಕು. ತಾನೇ ಸರಿ ಹೋಗುತ್ತದೆ ಎಂದು ಮನೆಯಲ್ಲಿ ಕೂರುವುದಕ್ಕೂ ಇದಕ್ಕೂ ಬಹಳ ಫರಕು ಇದೆ.

ಇನ್ನು ಈ ಸೆಂಟರಿನ ಅಸಲಿ ಕೆಲಸಕ್ಕೆ ಬರುತ್ತೇನೆ. ಇವರು ಕೂಸಿಗೆ ಮಾಡುವುದಕ್ಕಿಂತ ನಮಗೆ ಕಲಿಸುವುದೇ ಹೆಚ್ಚು. ವಾರಕ್ಕೊಂದು ಸಲ ನನ್ನ ಹತ್ತಿರ ಬಂದು ಅರ್ಧ ಗಂಟೆ ಮಾಡಿಸಿದರೆ ಏನೂ ಆಗಲ್ಲ, ದಿನಕ್ಕೆ ಹತ್ತು ಸಲ ಬಟ್ಟೆ ಬದಲಿಸುತ್ತೀರಲ್ಲ, ಆಗೆಲ್ಲ ಎರಡೆರಡು ನಿಮಿಷ ಮಾಡಿ ಎಂದರು. ಮೊದಲ ಎರಡು ವಾರ ಜಾಸ್ತಿ ಎಳೆದಾಡದೆ ಕೈಗೆ ವಿಶ್ರಾಂತಿ, ಆಮೇಲೆ ನಿಧಾನ ಶುರು. ಗೊಂಬೆ ಮೇಲೆ ತೋರಿಸಿದರು, ಆಮೇಲೆ ಕೂಸಿನ ಮೇಲೆ ನಮ್ಮ ಕೈಯಲ್ಲೇ ಮಾಡಿಸಿದರು, ನಮ್ಮ ಕೈ ಮೇಲೆ ಅವರ ಕೈ ಇಟ್ಟು. ಭುಜ ಎತ್ತುವಾಗ ಬೆನ್ನ ಹಿಂದಿನ ರೆಕ್ಕೆ ಎಲುಬನ್ನು ಇನ್ನೊಂದು ಕೈಯಿಂದ ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ಭುಜದ ಬದಲು ಆ ಎಲುಬೇ ಸರಿದು ಬರುತ್ತದೆ, ಕೀಲು ಹಾಗೇ ಬಿಗಿದಿರುತ್ತದೆ. ಇದನ್ನು ಯಾರೂ ಹೇಳದಿದ್ದರೆ ನಮಗೆ ಎಲ್ಲಿ ಗೊತ್ತಾಗಬೇಕು?

ಅವರು ಎಲ್ಲಕ್ಕಿಂತ ಜಾಸ್ತಿ ಒತ್ತಿ ಹೇಳಿದ ವ್ಯಾಯಾಮ ಇನ್ನೊಂದಿದೆ. ಮೊಣಕೈಯನ್ನು ಪಕ್ಕೆಗೆ ಅಂಟಿಸಿ, ಮಡಚಿ, ಮುಂಗೈಯನ್ನು ನಿಧಾನವಾಗಿ ಹೊರಗಡೆಗೆ ತಿರುಗಿಸಿ ಸ್ವಲ್ಪ ಹೊತ್ತು ಹಿಡಿಯುವುದು. ಕೈಯನ್ನು ಒಳಗೆ ತಿರುಗಿಸುವ ಸ್ನಾಯುಗಳು ಗಟ್ಟಿಯಾಗೇ ಇರುತ್ತವೆ, ಹೊರಗೆ ತಿರುಗಿಸುವವು ಸೋತಿರುತ್ತವೆ. ಬಿಟ್ಟರೆ ಕೈ ಒಳಗೇ ತಿರುಗಿ ಬಿಗಿಯಾಗುತ್ತದೆ, ಎಲುಬು ಬೆಳೆಯುವ ವಯಸ್ಸಲ್ಲಿ ಭುಜದ ಗುಂಡು ಹಿಂದಕ್ಕೆ ಸರಿಯುತ್ತಾ ಹೋಗುತ್ತದೆ. ಆಮೇಲೆ ನರ ವಾಸಿಯಾದರೂ ಕೀಲು ಕೆಟ್ಟಿರುತ್ತದೆ. ಅದಕ್ಕೇ ನರ ಬೆಳೆಯುವವರೆಗೆ ಕೀಲು ಸಡಿಲವಾಗಿಡುವುದು ನಮ್ಮ ಕೆಲಸ. ನರ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್, ಅದನ್ನು ಯಾವ ಎಣ್ಣೆಯೂ ಓಡಿಸಲ್ಲ.

ಎಣ್ಣೆ ವಿಷಯ ಬಂತು. ನಮ್ಮ ಕಡೆ ಕೂಸಿಗೆ ಎಣ್ಣೆ ಹಚ್ಚಿ ಎರೆಯುವುದು ಎಂದರೆ ಏನು ಅಂತ ಎಲ್ಲರಿಗೂ ಗೊತ್ತು. ಕಾಲ ಮೇಲೆ ಮಲಗಿಸಿಕೊಂಡು, ಕೈ ಎರಡೂ ಜಗ್ಗಿ ಎದೆ ಮೇಲೆ ಅಡ್ಡ ಹಾಕಿ, ಕೈ ಕಾಲು ಕತ್ತರಿ ಮಾಡಿ, ಕೊನೆಗೆ ಎರಡೂ ಕೈ ಹಿಡಿದು ಮೇಲೆತ್ತಿ ಝಾಡಿಸುವುದು. ನಮ್ಮವ್ವ ಓಣಿಯ ಎಷ್ಟೋ ಕೂಸುಗಳಿಗೆ ಎರೆದಿದ್ದಾಳೆ. ಬೇರೆ ಡಾಕ್ಟರಾದರೆ ಎಣ್ಣೆ ನೀರು ಬಂದ್ ಮಾಡಿ ಎಂದು ಒಂದೇ ಮಾತಲ್ಲಿ ಹೇಳುತ್ತಿದ್ದರು, ಅವ್ವ ಮನೆಗೆ ಬಂದು ಹಾಗೇ ಎರೆಯುತ್ತಿದ್ದಳು. ಮೇಡಂ ಹಾಗೆ ಹೇಳಲಿಲ್ಲ. "ಅಜ್ಜೀ, ನೀವ ಎರೀರಿ. ನಿಮ್ಮಷ್ಟು ಚೊಲೋ ನನಗೂ ಬರಂಗಿಲ್ಲ. ಆದ್ರ ಈ ಕೈ ಹಿಡ್ದು ಜಗ್ಗಬ್ಯಾಡ್ರಿ, ಕೈ ಹಿಡ್ದು ಎತ್ತಬ್ಯಾಡ್ರಿ" ಎಂದರು. ಮುಂದಿನ ಸಲ ಬರುವಾಗ ಎಣ್ಣೆ ಬಟ್ಟಲು ತರಲು ಹೇಳಿ, ಅವ್ವನನ್ನು ಚಾಪೆ ಮೇಲೆ ಕೂರಿಸಿ, ಆಕೆ ಎರೆಯುವ ರೀತಿಯನ್ನೇ ಪೂರ್ತಿ ನೋಡಿ, ಎಲ್ಲಿ ಬಿಡಬೇಕು, ಎಲ್ಲಿ ಮೆಲ್ಲಗೆ ಮಾಡಬೇಕು, ಎಲ್ಲಿ ಆ ಹೊರಗೆ ತಿರುಗಿಸುವ ವ್ಯಾಯಾಮ ಸೇರಿಸಬೇಕು ಎಂದು ಕಲಿಸಿದರು. ಅವತ್ತಿನಿಂದ ಅವ್ವ ಯಾರೇ ಬಂದು ಹೀಗೆ ಮಾಡು ಹಾಗೆ ಮಾಡು ಅಂದರೂ ಕೇಳಲಿಲ್ಲ. ಮೇಡಂ ಹೇಳಿದಂಗ ಮಾಡ್ತೀನಿ ಅಂದಳು. ನನ್ನ ಪ್ರಕಾರ ಈ ಸೆಂಟರಿನ ದೊಡ್ಡ ಗುಣ ಇದೇ, ಎರೆಯುವ ಅಜ್ಜಿಯನ್ನು ಹೊರಗೆ ಕೂರಿಸದೆ ಒಳಗೆ ಕರೆದು ಜೊತೆಗೆ ಹಾಕಿಕೊಂಡರು. ಬಾಣಂತನದ ಮನೆಯಲ್ಲಿ ಕೂಸು ಯಾರ ಕೈಯಲ್ಲಿ ಹೆಚ್ಚು ಇರುತ್ತದೆ ಎಂದು ತಿಳಿದವರು ಮಾತ್ರ ಹೀಗೆ ಮಾಡುತ್ತಾರೆ.

ನೀರಿನ ಬಿಸಿ ಬಗ್ಗೆಯೂ ಹೇಳಿದರು. ಆ ಕೈಗೆ ಸ್ಪರ್ಶ ಕಡಿಮೆ ಇರಬಹುದು, ಸುಟ್ಟರೂ ಅಳಲಿಕ್ಕಿಲ್ಲ, ಹಾಗಾಗಿ ಸುಡು ನೀರು, ಕೆಂಡದ ಕಾವು ಅದರ ಹತ್ತಿರ ಒಯ್ಯಬಾರದು. ಅಂಗಿ ಹಾಕುವಾಗ ಪೆಟ್ಟಾದ ಕೈ ಮೊದಲು, ತೆಗೆಯುವಾಗ ಅದೇ ಕೊನೆಗೆ. ಕಂಕುಳಲ್ಲಿ ಕೈ ಹಾಕಿ ಎತ್ತಬಾರದು, ಒಂದು ಕೈ ತಲೆ ಕೆಳಗೆ, ಇನ್ನೊಂದು ಕುಂಡೆ ಕೆಳಗೆ ಕೊಟ್ಟು ಎತ್ತಬೇಕು. ಹಾಲು ಕುಡಿಸುವಾಗ ಆ ಕೈ ನನ್ನ ಬೆನ್ನ ಹಿಂದೆ ಸಿಕ್ಕಿ ನೇತಾಡದಂತೆ ನೋಡಬೇಕು. ತೊಟ್ಟಿಲಲ್ಲಿ ಕೈ ಕೆಳಗೆ ಜೋತುಬೀಳದಂತೆ ಹಳೆ ಸೀರೆಯ ಸುರುಳಿ ಇಡಬೇಕು. ಅರಳೆ, ಮೆತ್ತನೆ ಬಟ್ಟೆ, ಸ್ವಲ್ಪ ಒರಟು ಟವೆಲ್ ತೆಗೆದುಕೊಂಡು ಆ ಕೈ ಮೇಲೆ ಸವರುತ್ತಿರಬೇಕು, ಇದು ನಿನ್ನ ಕೈ ಎಂದು ಕೂಸಿಗೆ ಗೊತ್ತಾಗಬೇಕಲ್ಲ. ಸ್ಪರ್ಶ ಮರಳಿ ಬರುವಾಗ ಕೆಲವು ಮಕ್ಕಳು ತಮ್ಮ ಬೆರಳನ್ನೇ ಕಚ್ಚಿಕೊಳ್ಳುತ್ತವಂತೆ, ಹಾಗಾದರೆ ಹೆದರಬೇಡಿ, ನನಗೆ ತೋರಿಸಿ ಎಂದಿದ್ದರು.

ಕರೆಂಟ್ ಮಷಿನ್ ಇವರ ಹತ್ತಿರವೂ ಇದೆ, ದೊಡ್ಡವರಿಗೆ ಬಳಸುತ್ತಾರೆ. ನಾವೇ ಕೇಳಿದೆವು. ಇಷ್ಟು ಸಣ್ಣ ಕೂಸಿಗೆ ಅದರಿಂದ ನರ ಬೇಗ ಬೆಳೆಯುತ್ತದೆ ಎನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ, ಅದಕ್ಕೆ ನಿಮ್ಮ ದುಡ್ಡು ತೆಗೆದುಕೊಳ್ಳುವುದಿಲ್ಲ ಎಂದರು. ದುಡ್ಡು ಬರುವ ಕೆಲಸವನ್ನು ಬೇಡ ಎಂದು ಹೇಳುವವರು ಅಪರೂಪ, ಅಲ್ವಾ?

ಮೂರು ತಿಂಗಳ ಮಾತನ್ನು ಮೊದಲ ದಿನವೇ ಹೇಳಿಟ್ಟಿದ್ದರು. ಮೂರು ತಿಂಗಳೊಳಗೆ ಕೂಸು ತಾನಾಗಿ ಮೊಣಕೈ ಮಡಚಿ ಕೈಯನ್ನು ಮೇಲೆತ್ತದಿದ್ದರೆ, ಫಿಸಿಯೋಥೆರಪಿ ನಂಬಿಕೊಂಡು ಕೂರುವ ಹಾಗಿಲ್ಲ, ನರದ ಆಪರೇಷನ್ ಮಾಡುವ ಡಾಕ್ಟರಿಗೆ ತೋರಿಸಲೇಬೇಕು. ಆಪರೇಷನ್ ಬೇಕಾದ ಮಕ್ಕಳಿಗೆ ಅದನ್ನು ಸಾಮಾನ್ಯವಾಗಿ ಮೂರರಿಂದ ಒಂಬತ್ತು ತಿಂಗಳ ನಡುವೆ ಮಾಡುತ್ತಾರೆ. ಕಾಲಿನಿಂದ ನರದ ತುಂಡು ತೆಗೆದು ಹರಿದಲ್ಲಿ ಜೋಡಿಸುತ್ತಾರೆ. ತಡವಾದಷ್ಟೂ ಫಲ ಕಡಿಮೆ, ಯಾಕೆಂದರೆ ನರ ಇಲ್ಲದೆ ಸ್ನಾಯು ಬಹಳ ಕಾಲ ಕಾಯಲ್ಲ. ರಾಯಚೂರಿನವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ, ಎಲ್ಲಿಗೆ ಹೋದರೂ ಒಯ್ಯಿರಿ ಎಂದು ಅಂಕದ ಹಾಳೆಯ ಜೊತೆ ಕಾಗದ ಬರೆದು ಮೊದಲೇ ಸಿದ್ಧ ಇಟ್ಟಿದ್ದರು. ನಮಗೆ ಅದು ಬೇಕಾಗಲಿಲ್ಲ. ಮೂರು ತಿಂಗಳು ತುಂಬುವ ಮುಂಚೆ ಅವಳು ಮಲಗಿದಲ್ಲೇ ಮೊಣಕೈ ಮಡಚಿ ಮುಷ್ಟಿಯನ್ನು ಎದೆ ಮೇಲೆ ತಂದಳು. ಆದರೆ ನಮ್ಮ ಜೊತೆ ಲಿಂಗಸುಗೂರು ಕಡೆಯಿಂದ ಬರುತ್ತಿದ್ದ ಇನ್ನೊಂದು ಕೂಸಿನ ಇಡೀ ಕೈ ಸೋತಿತ್ತು, ರೆಪ್ಪೆಯೂ ಜೋತಿತ್ತು. ಅವರನ್ನು ಇಟ್ಟುಕೊಂಡು ಫೀಸು ತೆಗೆದುಕೊಳ್ಳಲಿಲ್ಲ, ಮೂರು ತಿಂಗಳೂ ಕಾಯಬೇಡಿ, ಈಗಲೇ ಹೋಗಿ ಎಂದು ಕಳಿಸಿದರು. ತಮ್ಮ ಕೆಲಸ ಎಲ್ಲಿಯವರೆಗೆ ಎಂದು ಗೊತ್ತಿರುವವರ ಹತ್ತಿರ ಕೂಸನ್ನು ಬಿಡಲು ಧೈರ್ಯ ಬರುತ್ತದೆ.

ಆಮೇಲಿನ ತಿಂಗಳುಗಳಲ್ಲಿ ವ್ಯಾಯಾಮಕ್ಕಿಂತ ಆಟವೇ ಹೆಚ್ಚು. ಬೋರಲು ಮಲಗಿಸಿ ಎದೆ ಕೆಳಗೆ ಬಟ್ಟೆ ಸುರುಳಿ ಇಟ್ಟು ಎರಡೂ ಕೈ ಮೇಲೆ ಭಾರ ಹಾಕಿಸುವುದು. ಮುಖದ ಮೇಲೆ ತೆಳ್ಳನೆ ಬಟ್ಟೆ ಹಾಕಿ ಯಾವ ಕೈಯಿಂದ ತೆಗೆಯುತ್ತಾಳೆ ನೋಡುವುದು. ಒಂಬತ್ತು ತಿಂಗಳಿಗೆ ಬಿಸ್ಕತ್ ಪರೀಕ್ಷೆ: ತೋಳನ್ನು ಪಕ್ಕೆಗೆ ಹಿಡಿದು, ಆ ಕೈಗೆ ಬಿಸ್ಕತ್ ಕೊಟ್ಟರೆ ಕುತ್ತಿಗೆ ಬಗ್ಗಿಸದೆ ಬಾಯಿಗೆ ಒಯ್ಯುತ್ತಾಳಾ? ಒಯ್ದಳು. ಕೆಲವು ದಿನ ಸ್ವಲ್ಪ ಹೊತ್ತು ಎಡಗೈಗೆ ಕಾಲುಚೀಲ ಹಾಕಿ, ಬಲಗೈಯಿಂದಲೇ ಆಡಿಸಿ ಎಂದರು. ಆಗ ಅವಳು ಬಹಳ ಅಳುತ್ತಿದ್ದಳು. ಅತ್ತರೆ ಬಿಡಿ, ಮತ್ತೆ ಮಾಡಿ, ಜಿದ್ದಿಗೆ ಬೀಳಬೇಡಿ ಎಂದಿದ್ದರು.

ಈಗ ವರ್ಷ ದಾಟಿದೆ. ಬಲಗೈಯಿಂದ ರೊಟ್ಟಿ ತುಂಡು ಬಾಯಿಗೆ ಇಡುತ್ತಾಳೆ, ಚಪ್ಪಾಳೆ ತಟ್ಟುತ್ತಾಳೆ. ಪೂರ್ತಿ ಸರಿಯಾಗಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಕೈ ಬಾಯಿಗೆ ಹೋಗುವಾಗ ಮೊಣಕೈ ಹೊರಗೆ ಏಳುತ್ತದೆ, ತಲೆ ಮೇಲಕ್ಕೆ ಎಡಗೈಯಷ್ಟು ಎತ್ತಲಾರಳು. ಭುಜದ ಕೀಲು ಜಾಗದಲ್ಲೇ ಇದೆಯಾ ಎಂದು ಅಲ್ಟ್ರಾಸೌಂಡ್ ಮಾಡಿಸಿದೆವು, ಸದ್ಯಕ್ಕೆ ಸರಿಯಿದೆ. ಎತ್ತರ ಬೆಳೆಯುವ ವಯಸ್ಸಲ್ಲಿ ಮತ್ತೆ ಬಿಗಿಯಾಗಬಹುದು, ಹಾಗಾಗಿ ದೊಡ್ಡವಳಾಗುವವರೆಗೆ ಆಗಾಗ ತೋರಿಸುತ್ತಿರಿ ಎಂದಿದ್ದಾರೆ. ಗ್ಯಾರಂಟಿ ಕೊಡಲಿಲ್ಲ, ಕೊಟ್ಟಿದ್ದರೆ ನಾನು ನಂಬುತ್ತಿರಲಿಲ್ಲ.

ಇನ್ನು ತೊಂದರೆಗಳು. ಸೆಂಟರ್ ಇರುವುದು ಮೊದಲ ಮಹಡಿಯಲ್ಲಿ, ಲಿಫ್ಟ್ ಇಲ್ಲ, ಮೆಟ್ಟಿಲು ಕಡಿದಾಗಿದೆ. ಸಿಸೇರಿಯನ್ ಆದ ಬಾಣಂತಿ ಕೂಸು ಎತ್ತಿಕೊಂಡು ಹತ್ತುವುದು ನಿಜಕ್ಕೂ ಕಷ್ಟ. ಕಾಯುವ ಜಾಗದಲ್ಲಿ ಮೊಣಕಾಲು ನೋವಿನವರು, ಸೊಂಟ ನೋವಿನವರು ಎಲ್ಲ ಒಟ್ಟಿಗೆ ಕೂತಿರುತ್ತಾರೆ, ಹಾಲು ಕುಡಿಸಲು ಒಂದು ಪರದೆ ಕೂಡ ಇಲ್ಲ. ಒಂದು ಪರದೆ ಕಟ್ಟಲು ಎಷ್ಟು ಖರ್ಚಾಗುತ್ತದೆ, ದಯವಿಟ್ಟು ಕಟ್ಟಿ. ವ್ಯಾಯಾಮದ ಚೀಟಿ ಇಂಗ್ಲಿಷಿನಲ್ಲಿದೆ. ಅವ್ವನಿಗೆ ಕನ್ನಡ ಓದಲು ಬರುತ್ತದೆ, ಇಂಗ್ಲಿಷ್ ಬರಲ್ಲ. ನಾನೇ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿದೆ, ಅದರ ಒಂದು ಕಾಪಿ ಮೇಡಂಗೂ ಕೊಟ್ಟಿದ್ದೇನೆ. ಮಧ್ಯಾಹ್ನ ಫೋನ್ ಎತ್ತುವುದಿಲ್ಲ, ಬೆಳಗ್ಗೆ ಮಾಡಬೇಕು.

ಖರ್ಚಿನ ಮಾತು. ಒಂದು ಸಲದ ಫೀಸು ನಮ್ಮ ಊರಿನ ಮಕ್ಕಳ ಡಾಕ್ಟರ್ ಫೀಸಿನಷ್ಟೇ. ಮೊದಲು ವಾರಕ್ಕೊಮ್ಮೆ, ಆಮೇಲೆ ಹದಿನೈದು ದಿನಕ್ಕೊಮ್ಮೆ, ಈಗ ತಿಂಗಳು ಬಿಟ್ಟು ಕರೆಯುತ್ತಾರೆ. 2023ರಿಂದ ಶಕ್ತಿ ಯೋಜನೆ ಇರುವುದರಿಂದ ನನಗೂ ಅವ್ವನಿಗೂ ಬಸ್ ಟಿಕೆಟ್ ಖರ್ಚಿಲ್ಲ, ಅದು ಇಲ್ಲದಿದ್ದರೆ ಇಷ್ಟು ಸಲ ಬರುವುದು ಆಗುತ್ತಿರಲಿಲ್ಲ. ಅಷ್ಟು ಫೀಸೂ ಕಷ್ಟ ಎನ್ನುವವರು ಆಶಾ ಅಕ್ಕನ ಹತ್ತಿರ ಆರ್‌ಬಿಎಸ್‌ಕೆ ಬಗ್ಗೆ ಕೇಳಿ. ಇದು 2013ರಲ್ಲಿ ಶುರುವಾದ ಸರ್ಕಾರಿ ಯೋಜನೆ. ಹುಟ್ಟಿದ ಕೂಸಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ಇದರಲ್ಲಿ ಬರುತ್ತದೆ, ತೊಂದರೆ ಕಂಡ ಮಕ್ಕಳನ್ನು ಮುಂದಿನ ಚಿಕಿತ್ಸೆಗೆ ಪುಕ್ಕಟೆ ಕಳಿಸುತ್ತಾರೆ.

ಹೋಗುವವರು ಡಿಸ್ಚಾರ್ಜ್ ಚೀಟಿ, ತಾಯಿ ಕಾರ್ಡ್, ಎಕ್ಸ್‌ರೇ ತೆಗೆಸಿದ್ದರೆ ಅದನ್ನೂ ಒಯ್ಯಿರಿ. ಮನೆಯಲ್ಲಿ ಕೂಸಿಗೆ ಎರೆಯುವವರು ಯಾರೋ ಅವರನ್ನು ತಪ್ಪದೇ ಜೊತೆಗೆ ಕರೆದುಕೊಂಡು ಹೋಗಿ. ಹಸಿದಾಗಲೂ ಬೇಡ, ಹೊಟ್ಟೆ ತುಂಬಿದ ತಕ್ಷಣವೂ ಬೇಡ, ಹಾಲು ಕುಡಿದು ಅರ್ಧ ಗಂಟೆ ಆದ ಮೇಲೆ ಕೂಸು ಚೆನ್ನಾಗಿ ಮಾಡಿಸಿಕೊಳ್ಳುತ್ತದೆ. ನಮ್ಮ ರಾಯಚೂರಿನ ಬಿಸಿಲು ಗೊತ್ತೇ ಇದೆ, ಏಪ್ರಿಲ್, ಮೇ ತಿಂಗಳಲ್ಲಿ ಬೆಳಗಿನ ಮೊದಲ ಟೈಮನ್ನೇ ಕೇಳಿ ತೆಗೆದುಕೊಳ್ಳಿ. ದೂರದ ಊರಿನವರು ಎಂದು ಹೇಳಿದರೆ ಕೊಡುತ್ತಾರೆ.